ಚಕ್ರವ್ಯೂಹದೊಳಗೊಂದು ಕಾಶೀಯಾತ್ರೆ

ನಾನು ನೆನಪನ್ನು ನಂಬುವ ಮನುಷ್ಯನಲ್ಲ. ಅಮೆರಿಕದ ಗೈದರ್ಸ್‌ಬರ್ಗ್‌ನ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಅನುಮಾನ ಪಡುವುದು. ಯಾವ ಅಳತೆಯಲ್ಲಿ ಎಷ್ಟು ತಪ್ಪು ನುಸುಳಿರಬಹುದು ಎಂದು ಕಂಡುಹಿಡಿಯುವುದು. ಒಂದು ಮೀಟರ್ ಎಂದರೆ ನಿಜಕ್ಕೂ ಒಂದು ಮೀಟರೇ ಎಂದು ಇಡೀ ದಿನ ತಲೆ ಕೆಡಿಸಿಕೊಂಡು ಸಂಜೆ ಮನೆಗೆ ಬರುವವನಿಗೆ, "ನೀವೇ ಹಾಲು ತರ್ತೀನಿ ಅಂದಿದ್ರಿ" ಎಂಬ ಹೆಂಡತಿಯ ಮಾತು ಪುರಾವೆಯಾಗಿ ಕಾಣುವುದಿಲ್ಲ. ನೆನಪು ಎಂಬುದು ಪ್ರತಿ ಸಲ ಹೊರಗೆ ತೆಗೆದಾಗಲೂ ಒಂದು ಕೋಟು ಬಣ್ಣ ಬಳಿದು ಒಳಗಿಡುವ ವಸ್ತು ಎಂದು ವಸುಧಾಳಿಗೆ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದೇನೆ.

"ಹೇಳಿರೋದು ನಂಗೆ ಚೆನ್ನಾಗಿ ನೆನಪಿದೆ" ಎನ್ನುತ್ತಾಳೆ ಅವಳು.

ಇಂಥ ನಾನು ಜೀವನದಲ್ಲಿ ಒಂದೇ ಒಂದು ನೆನಪನ್ನು ಪೂರ್ತಿಯಾಗಿ ನಂಬಿದೆ. ನಂಬಿ ಒಬ್ಬ ಮದುಮಗನನ್ನು ಕಳೆದುಹಾಕಿದೆ.

ಮದುಮಗ ಎಂದರೆ ನನ್ನ ಅಕ್ಕ ಸುಮಿತ್ರಳಿಗೆ ಅಳಿಯನಾಗಬೇಕಾಗಿದ್ದ ಕಾರ್ತಿಕ್. ಮೈಸೂರಿನ ಹುಡುಗ, ಅಟ್ಲಾಂಟಾದಲ್ಲಿ ಸಾಫ್ಟ್‌ವೇರ್ ಕೆಲಸ. ಅಕ್ಕ, ನಾಗರಾಜ ಭಾವ ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ ಮನೆ ಮಾಡಿ ಎಷ್ಟೋ ಕಾಲವಾಯಿತು. ಅವರ ಒಬ್ಬಳೇ ಮಗಳು ಮೇಘನಾ ಇಲ್ಲೇ ಹುಟ್ಟಿ ಬೆಳೆದವಳು. ಹೋಟೆಲಿನ ಹಾಲ್‌ನಲ್ಲಿ ಮದುವೆ ಬೇಡ, ಒಂದು ಒಳ್ಳೆಯ ಗಾರ್ಡನ್‌ನಲ್ಲಿ ಆಗಬೇಕು ಎಂದು ಅವಳ ಆಸೆ. ಹಾಗೆ ಹುಡುಕಿ ಹಿಡಿದದ್ದೇ ಆ ಇಂಗ್ಲಿಷ್ ಮೇನರ್.

ಇಂಗ್ಲಿಷ್ ಮೇನರ್ ಎಂದರೆ ಇಂಗ್ಲಿಷ್ ಮಾದರಿಯಲ್ಲಿ ಕಟ್ಟಿದ್ದಲ್ಲ. ಸಾಕ್ಷಾತ್ ಇಂಗ್ಲೆಂಡಿನದೇ. ಬಹಳ ಹಿಂದೆ ಇಲ್ಲಿನ ಹತ್ತಿ ಗಿರಣಿಯ ಮಾಲೀಕರೊಬ್ಬರು ಅಲ್ಲಿಗೆ ಹೋಗಿದ್ದಾಗ ಬೀಳುವ ಸ್ಥಿತಿಯಲ್ಲಿದ್ದ ಜಮೀನುದಾರರ ಬಂಗಲೆಯೊಂದನ್ನು ಕಂಡು ಮನಸೋತು, ಕೊಂಡು, ಬಿಚ್ಚಿಸಿ, ಕಲ್ಲು ಕಲ್ಲಿಗೂ ನಂಬರು ಬರೆಸಿ, ಹಡಗಿನಲ್ಲಿ ತರಿಸಿ, ಕೆರೊಲಿನಾದ ಒಂದು ಗುಡ್ಡದ ಮೇಲೆ ಮತ್ತೆ ಜೋಡಿಸಿದರಂತೆ. ಸುತ್ತ ಇಂಗ್ಲೆಂಡಿನಲ್ಲಿದ್ದಂಥದೇ ತೋಟ: ಗುಲಾಬಿಯ ಪಾತಿಗಳು, ಕತ್ತರಿಸಿ ಗುಂಡಗೆ ಮಾಡಿದ ಪೊದೆಗಳು, ಮತ್ತು ಆಳೆತ್ತರಕ್ಕಿಂತ ಎತ್ತರವಾದ ಹಸಿರು ಬೇಲಿಗಳ ಒಂದು ಚಕ್ರವ್ಯೂಹ.

ಜಾಗ ನೋಡಲು ಏಪ್ರಿಲ್‌ನಲ್ಲಿ ನಾವೆಲ್ಲ ಹೋದೆವು. ಅಕ್ಕ, ಭಾವ, ಮೇಘನಾ, ವಸುಧಾ, ನಾನು. ಮೇನರ್ ತೋರಿಸಲು ಬಂದ ಹಿರಿಯ ಹೆಂಗಸು ಮುತ್ತಿನ ಸರ ಹಾಕಿಕೊಂಡು, ಒಂದೊಂದು ಶಬ್ದವನ್ನೂ ಎಳೆದು ಎಳೆದು ಮಾತಾಡುವವರು. ದೊಡ್ಡ ಓಕ್ ಬಾಗಿಲು ತೆರೆದು, ಕನ್ನಡಿಯಂತೆ ಹೊಳೆಯುವ ಮರದ ನೆಲ ಕಂಡ ತಕ್ಷಣ ಅಕ್ಕ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟಳು. ಅವಳು ಬಿಟ್ಟದ್ದು ನೋಡಿ ಭಾವ ಶೂ ಬಿಚ್ಚಿದರು. ಅವರನ್ನು ನೋಡಿ ನಾವೂ. ನಮ್ಮ ಹಿಂದೆ ಬರುತ್ತಿದ್ದ ಬೇರೆ ಪ್ರವಾಸಿಗರು ಸಾಲಾಗಿ ಬಿಟ್ಟಿದ್ದ ಪಾದರಕ್ಷೆ ಕಂಡು, ಇದು ಇಲ್ಲಿನ ನಿಯಮವಿರಬೇಕು ಎಂದುಕೊಂಡು, ಬಗ್ಗಿ ಲೇಸು ಬಿಚ್ಚತೊಡಗಿದರು. ಮುತ್ತಿನ ಸರದ ಹೆಂಗಸು ಏನೋ ಹೇಳಲು ಬಾಯಿ ತೆರೆದು, ತಮ್ಮ ಕಾಲಿನ ಹೀಲ್ಸ್ ನೋಡಿಕೊಂಡು, ಅವನ್ನೂ ಕಳಚಿ ಸಾಲಿಗೆ ಸೇರಿಸಿದರು.

ಒಳಗೆ ಕಲ್ಲಿನ ದೊಡ್ಡ ಬೆಂಕಿಗೂಡಿನ ಮುಂದೆ ನಿಂತು ಅವರು ಕಲ್ಲುಗಳಿಗೆ ನಂಬರು ಬರೆದ ಕತೆ ಹೇಳಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಬಿಚ್ಚಿದ ಕ್ರಮದಲ್ಲೇ ಕಲ್ಲುಗಳನ್ನು ಮತ್ತೆ ಜೋಡಿಸಿದರು ಎಂಬುದಕ್ಕೆ ಏನು ಸಾಕ್ಷಿ ಎಂದು ಕೇಳಿದೆ.

"ಮನೆ ನಿಂತಿದೆಯಲ್ಲ, ಡಿಯರ್" ಎಂದರು ಅವರು ಇಂಗ್ಲಿಷಿನಲ್ಲಿ.

ನಿಂತಿರುವುದಕ್ಕೂ ಕ್ರಮಕ್ಕೂ ಸಂಬಂಧವಿಲ್ಲ ಎಂದು ವಿವರಿಸಲು ಹೊರಟೆ. ವಸುಧಾ ನನ್ನ ಅಂಗಿಯ ತೋಳು ಹಿಡಿದು ತೋಟಕ್ಕೆ ಎಳೆದುಕೊಂಡು ಹೋದಳು.

ಅಲ್ಲಿಂದ ಮುಂದಿನದೇ ನಾನು ಹೇಳಿದ ಆ ನೆನಪು. ನಾವು ಚಕ್ರವ್ಯೂಹದ ಒಳಗೆ ಹೋದೆವು. ನಾನು ಮುಂದೆ, ಉಳಿದವರು ಹಿಂದೆ. ತಿರುವುಗಳಲ್ಲಿ ಬೇಲಿಯ ಮೇಲಿಂದ ಬಿಳಿ ಹೂವಿನ ಗಿಡವೊಂದು ಇಣುಕುತ್ತಿತ್ತು. ಹೂ ಕಂಡಲ್ಲಿ ಬಲಕ್ಕೆ, ಕಾಣದಲ್ಲಿ ಎಡಕ್ಕೆ. ನಡುವೆ ಒಂದು ಕಲ್ಲಿನ ನೆರಳು ಗಡಿಯಾರ. ಅಲ್ಲಿಂದ ಇನ್ನೆರಡು ತಿರುವು, ಆಚೆ ಬಾಗಿಲು, ಹೊರಗೆ. ಭಾವ ನನ್ನ ಬೆನ್ನು ತಟ್ಟಿದರು. ಇಷ್ಟೂ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಅಳತೆಯ ಮನುಷ್ಯನಾದ ನನಗೂ ಇದರಲ್ಲಿ ತಪ್ಪು ನುಸುಳಲು ಸಂದು ಕಾಣಲಿಲ್ಲ.

ಮದುವೆ ಶ್ರಾವಣಕ್ಕೆ ನಿಶ್ಚಯವಾಯಿತು. ಅದಕ್ಕೆ ಒಂದು ವಾರ ಮೊದಲು ಅಕ್ಕನ ಮನೆಯಲ್ಲಿ ಎಲ್ಲರೂ ಕೂತು, ಯಾವ ಶಾಸ್ತ್ರ ಎಲ್ಲಿ ಎಂದು ಮಾತಾಡುತ್ತಿದ್ದೆವು. ಕಾರ್ತಿಕ್‌ನ ತಾಯಿ ಶಾರದಮ್ಮನವರು ಮೈಸೂರಿನಿಂದ ಬಂದಿದ್ದರು. ಗಂಡನನ್ನು ಕಳೆದುಕೊಂಡು ಒಬ್ಬರೇ ಮಗನನ್ನು ಬೆಳೆಸಿದವರು. ಮಾತು ಕಡಿಮೆ, ಆಡಿದರೆ ಖಚಿತ. ಕಾಶೀಯಾತ್ರೆಯನ್ನು ಪಾರ್ಕಿಂಗ್ ಲಾಟ್‌ನಲ್ಲಿ ಮಾಡೋಣ ಎಂದು ಅವರು ಹೇಳಿದರು. ವರ ಕೊಡೆ, ಕೋಲು, ಬೀಸಣಿಗೆ ಹಿಡಿದು ಸಂಸಾರ ಬೇಡವೆಂದು ಕಾಶಿಗೆ ಹೊರಡುವುದು, ಹುಡುಗಿಯ ತಂದೆ ಅಡ್ಡ ನಿಂತು, ಮಗಳನ್ನು ಕೊಡುತ್ತೇನೆ ಬಾ ಎಂದು ಹಿಂದಕ್ಕೆ ಕರೆತರುವುದು. ನಾಲ್ಕು ಹೆಜ್ಜೆಯ ಆಟ. ಪಾರ್ಕಿಂಗ್ ಲಾಟ್ ಧಾರಾಳವಾಗಿ ಸಾಕಾಗುತ್ತಿತ್ತು.

"ಇಂಗ್ಲೆಂಡಿನಿಂದ ಹೊತ್ತು ತಂದ ಮೇನರ್ ಇದೆ, ಅಂಥಾ ತೋಟ ಇದೆ, ಕಾಶಿ ಮಾತ್ರ ಮಿನಿವ್ಯಾನ್‌ಗಳ ಮಧ್ಯೆನಾ?" ಎಂದೆ ನಾನು. "ಚಕ್ರವ್ಯೂಹ ಇದೆಯಲ್ಲ. ಕಾರ್ತಿಕ್ ಈ ಕಡೆಯಿಂದ ಒಳಗೆ ಹೋಗಲಿ, ಆ ಕಡೆ ಬಾಗಿಲಲ್ಲಿ ಭಾವ ನಿಂತಿರಲಿ. ಹೊರಗೆ ಬಂದ ತಕ್ಷಣ ತಡೆಯಲಿ. ಕಾಶಿ ಅಂದ್ಮೇಲೆ ಸ್ವಲ್ಪ ಸುತ್ತಾಡಿ ಸಿಗಬೇಕಪ್ಪ. ಫೋಟೋನೂ ಚೆನ್ನಾಗಿ ಬರುತ್ತೆ."

ಶಾರದಮ್ಮನವರು ಕಾಫಿ ಲೋಟ ಕೆಳಗಿಟ್ಟರು. "ಬೇಡಿ. ನಮ್ಮೆಜಮಾನ್ರ ಚಿಕ್ಕಜ್ಜ ಒಬ್ರು ಕಾಶೀಯಾತ್ರೆಗೆ ಅಂತ ಕೊಡೆ ಹಿಡ್ಕೊಂಡು ಹೊರಟವರು ನಿಜವಾಗ್ಲೂ ಹೋಗ್ಬಿಟ್ರು. ವಾಪಸ್ ಬರ್ಲೇ ಇಲ್ಲ. ಅವತ್ತಿಂದ ನಮ್ಮ ಮನೇಲಿ ಕಾಶೀಯಾತ್ರೆ ಅಂದ್ರೆ ಹುಡುಗ ಕಣ್ಣಿಗೆ ಕಾಣೋ ಹಾಗೇ ಇರ್ಬೇಕು."

"ಇದು ನಡೆದದ್ದಕ್ಕೆ ಏನಾದ್ರೂ ದಾಖಲೆ ಇದೆಯಾ?" ಎಂದು ನಾನು ಬಹಳ ವಿನಯದಿಂದ ಕೇಳಿದೆ.

"ದಾಖಲೆ ಯಾಕೆ, ಆ ಹೆಣ್ಣಿನ ಕಡೆಯೋರು ಇವತ್ತಿಗೂ ನಮ್ಮನೇಲಿ ಊಟ ಮಾಡಲ್ಲ."

ಮನೆತನದ ನೆನಪುಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಊದಿಕೊಳ್ಳುತ್ತವೆ ಎಂಬ ಬಗ್ಗೆ ಚಿಕ್ಕದೊಂದು ಉಪನ್ಯಾಸ ಕೊಟ್ಟೆ. ಬೀಗರ ಮನೆಯ ಮರ್ಯಾದೆಗೆ ಅವರು ಕೇಳಿಸಿಕೊಂಡರು. ಕೊನೆಗೆ, "ನೀವೇ ಜೊತೇಲಿ ಹೋಗೋದಾದ್ರೆ ಸರಿ. ನನ್ನ ಮಗನ್ನ ಹೊತ್ತಿಗೆ ಸರಿಯಾಗಿ ವಾಪಸ್ ತಂದು ಕೊಡಿ, ಅಷ್ಟೆ" ಎಂದರು.

ರಾತ್ರಿ ವಸುಧಾ ಕೇಳಿದಳು. "ಅಲ್ಲ ರೀ, ಮಾಲ್‌ನಿಂದ ಹೊರಗೆ ಬಂದು ಕಾರ್ ಎಲ್ಲಿ ಅಂತ ರಿಮೋಟ್ ಒತ್ಕೊಂಡು ಓಡಾಡೋರು ನೀವು. ಇದೆಲ್ಲ ಬೇಕಿತ್ತಾ?"

"ಮಾಲ್‌ನಲ್ಲಿ ಗುರುತುಗಳಿಲ್ಲ. ಇಲ್ಲಿ ಬಿಳಿ ಹೂವಿದೆ."

"ಯಾವ ಬಿಳಿ ಹೂವು?"

ಅವಳ ನೆನಪಿನ ಶಕ್ತಿಯ ಬಗ್ಗೆ ಮರುಕಪಟ್ಟು ಮಗ್ಗುಲು ಬದಲಿಸಿದೆ.

ಮದುವೆಯ ಬೆಳಿಗ್ಗೆ ಕೆರೊಲಿನಾದ ಆಗಸ್ಟ್ ಬಿಸಿಲು ಎಂಟು ಗಂಟೆಗೇ ಸುಡುತ್ತಿತ್ತು. ಹುಲ್ಲುಹಾಸಿನ ಮೇಲೆ ಬಿಳಿ ಶಾಮಿಯಾನ, ಅದರೊಳಗೆ ಬಾಡಿಗೆಗೆ ತಂದ ಮಂಟಪ, ಸ್ಪೀಕರಿನಲ್ಲಿ ನಾದಸ್ವರದ ಸಿಡಿ. ಅಟ್ಲಾಂಟಾ ಕಡೆಯಿಂದ ಬಂದಿದ್ದ ಭಟ್ಟರು ಮಾತಿಗೊಮ್ಮೆ ವಾಚು ನೋಡುವವರು. ರಾಹುಕಾಲ ಕಳೆದ ಮೇಲೆ, ಹನ್ನೊಂದರೊಳಗೆ ಮುಹೂರ್ತ. ಆ ಹೊತ್ತಿಗೆ ಜೀರಿಗೆ ಬೆಲ್ಲ ಬೀಳಲೇಬೇಕು ಎಂದು ಎರಡು ಸಲ ಹೇಳಿದರು.

ಅವತ್ತು ನನಗೆ ಎರಡು ಜವಾಬ್ದಾರಿ. ಒಂದು, ಕಾರ್ತಿಕ್‌ನನ್ನು ಕಾಶಿಯಿಂದ ತರುವುದು. ಇನ್ನೊಂದು ಹೆಚ್ಚಿನದು. ಮಹಡಿಯ ಕೋಣೆಯಲ್ಲಿ ಗೌರಿಪೂಜೆ ಮಾಡುತ್ತ ಕೂತ ಮೇಘನಾಳನ್ನು ಕೈಹಿಡಿದು ಮಂಟಪಕ್ಕೆ ಕರೆದುಕೊಂಡು ಬರುವುದು. ಸೋದರಮಾವನೇ ಮಾಡಬೇಕಾದ ಕೆಲಸ ಅದು. ಅವಳಿಗಿರುವುದು ನಾನೊಬ್ಬನೇ ಸೋದರಮಾವ. ಮೊದಲನೆಯದು ಹತ್ತು ನಿಮಿಷದ ಕೆಲಸ, ಆಮೇಲೆ ಎರಡನೆಯದು ಎಂದು ಎಣಿಸಿ ಹೊರಟೆ.

ಪಂಚೆಗೆ ಜೇಬಿಲ್ಲ. ಮೊಬೈಲು ಪ್ಯಾಂಟಿನಲ್ಲಿ, ಪ್ಯಾಂಟು ಮೇನರ್‌ನ ಮಹಡಿಯಲ್ಲಿ ಉಳಿಯಿತು.

ಕಾರ್ತಿಕ್ ಪೇಟ ಕಟ್ಟಿ, ಕಣ್ಣಿಗೆ ಕಪ್ಪು ತೀಡಿಸಿಕೊಂಡು, ತಾಯಿ ಮೈಸೂರಿನಿಂದ ತಂದಿದ್ದ ಮರದ ಪಾದುಕೆ ಮೆಟ್ಟಿ, ಕೋಲು, ಬೀಸಣಿಗೆ ಹಿಡಿದು ನಿಂತಿದ್ದ. ಕೊಡೆ ನನ್ನ ಕೈಯಲ್ಲಿ. ನೆಂಟರೆಲ್ಲ ಚಪ್ಪಾಳೆ ತಟ್ಟಿ ನಮ್ಮನ್ನು ಬೀಳ್ಕೊಟ್ಟು, ಆಚೆ ಬಾಗಿಲಿನ ಹತ್ತಿರ ಕಾಯಲು ಹೋದರು. ತೆಂಗಿನಕಾಯಿ, ವೀಳ್ಯದೆಲೆ ಹಿಡಿದು ಭಾವ ಎಲ್ಲರಿಗಿಂತ ಮುಂದೆ ಹೋದರು. ಶಾರದಮ್ಮನವರು ಮಾತ್ರ ಮಗನ ಬೆನ್ನು ಬೇಲಿಯ ಮರೆಗೆ ಸರಿಯುವವರೆಗೂ ಅಲ್ಲೇ ನಿಂತಿದ್ದರು.

ಮೊದಲ ತಿರುವಿನಲ್ಲಿ ನಾನು ತಲೆಯೆತ್ತಿ ಬಿಳಿ ಹೂ ಹುಡುಕಿದೆ. ಹಸಿರು ಕಂಡಿತು. ಎರಡನೆಯ ತಿರುವಿನಲ್ಲೂ ಹಸಿರೇ. ಏಪ್ರಿಲ್‌ನಲ್ಲಿ ಅರಳಿದ ಹೂ ಆಗಸ್ಟ್‌ವರೆಗೆ ನನ್ನ ಸಲುವಾಗಿ ಗಿಡದಲ್ಲೇ ಕಾದಿರುವುದಿಲ್ಲ ಎಂಬ ಸಸ್ಯಶಾಸ್ತ್ರದ ಸಣ್ಣ ಸಂಗತಿ ಆಗ ನನಗೆ ಹೊಳೆಯಿತು.

"ಎಡಕ್ಕಾ ಬಲಕ್ಕಾ ಅಂಕಲ್?"

"ಎಡಕ್ಕೆ" ಎಂದೆ. ಮುಖಂಡನಾದವನು ತಡವರಿಸಬಾರದು.

ಎಡಕ್ಕೆ ಹೋದೆವು, ಮತ್ತೆ ಎಡಕ್ಕೆ, ಬಲಕ್ಕೆ. ಒಂದು ಮೂಲೆಯಲ್ಲಿ ಬೇಲಿ ಮುಗಿದು ನಮ್ಮ ಮುಖಕ್ಕೇ ನಿಂತಿತು. ಹಿಂದಿರುಗಿದೆವು. ಒಂದು ಕಬ್ಬಿಣದ ಬೆಂಚು ಸಿಕ್ಕಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬೆಂಚು ಸಿಕ್ಕಿತು.

"ಅಂಕಲ್, ಇದೇ ಬೆಂಚ್ ಅಲ್ವಾ ಆಗ್ಲೇ ನೋಡಿದ್ದು?"

"ಇಂಗ್ಲಿಷ್ ತೋಟದಲ್ಲಿ ಎಲ್ಲಾ ಬೆಂಚೂ ಒಂದೇ ಥರ ಇರುತ್ತಪ್ಪ."

"ಎಲ್ಲಾ ಬೆಂಚ್ ಮೇಲೂ ಹಕ್ಕಿ ಒಂದೇ ಜಾಗದಲ್ಲಿ ಗಲೀಜು ಮಾಡಿರತ್ತಾ?"

ವಾದಕ್ಕಿಂತ ಪ್ರಯೋಗ ಮೇಲು. ಅವನ ಬೀಸಣಿಗೆಯನ್ನು ಬೆಂಚಿನ ಮೇಲಿಟ್ಟು, ಈಗ ಬೇರೆ ದಿಕ್ಕಿಗೆ ಹೋಗೋಣ, ಸಿಗುವ ಬೆಂಚಿನ ಮೇಲೆ ಬೀಸಣಿಗೆ ಇಲ್ಲದಿದ್ದರೆ ಅದು ಬೇರೆ ಬೆಂಚು ಎಂದು ಸಿದ್ಧವಾಗುತ್ತದೆ ಎಂದು ವಿವರಿಸಿದೆ. ಅವನೂ ಎಂಜಿನಿಯರ್, ಒಪ್ಪಿದ. ಬಲಕ್ಕೆ ಹೋದೆವು, ಎಡಕ್ಕೆ ತಿರುಗಿದೆವು, ಒಂದು ಕಡೆ ಓಡಿದೆವು ಕೂಡ. ಬೆಂಚು ಸಿಕ್ಕಿತು. ಬೀಸಣಿಗೆ ನಮ್ಮನ್ನೇ ಕಾಯುತ್ತಿತ್ತು.

ನನ್ನ ವೃತ್ತಿಜೀವನದಲ್ಲಿ ಇಷ್ಟು ಸ್ಪಷ್ಟವಾದ ಫಲಿತಾಂಶ ಬೇರೆ ಯಾವ ಪ್ರಯೋಗದಲ್ಲೂ ಬಂದಿಲ್ಲ.

ಕಾರ್ತಿಕ್ ಪಾದುಕೆ ಕಳಚಿ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತ. ಬೆರಳ ಸಂದಿ ಕೆಂಪಾಗಿತ್ತು. ಒಳ್ಳೆಯ ಹುಡುಗ, ಬೈಯಲಿಲ್ಲ. "ನಂಗೇನೂ ಇಲ್ಲ ಅಂಕಲ್. ಅಮ್ಮಂದೇ ಯೋಚನೆ. ಆ ಚಿಕ್ಕಜ್ಜನ ಕತೆ ಹೇಳೋವಾಗ ನೀವು ಮುಖ ನೋಡಿದ್ರಲ್ಲ. ನಿಜವಾಗ್ಲೂ ಹೆದರ್ತಾರೆ."

ನನಗೂ ಆ ಮುಖ ನೆನಪಾಯಿತು. ಆ ನೆನಪು ಮಾತ್ರ ತಪ್ಪಾಗಿರಲಿ ಎಂದುಕೊಂಡೆ.

ಅಷ್ಟರಲ್ಲಿ ಬೇಲಿಯಾಚೆಯಿಂದ ಭಾವನ ದನಿ ಕೇಳಿಸಿತು. "ಅಳಿಯಂದ್ರೇ."

"ಮಾವ, ಎಲ್ಲಿದ್ದೀರಾ?"

"ಇಲ್ಲೇ, ಪಕ್ಕದಲ್ಲೇ."

"ಯಾವ ಪಕ್ಕ?"

"ಅದೇ ಗೊತ್ತಾಗ್ತಿಲ್ಲಪ್ಪ. ನೀವು ಬರ್ಲಿಲ್ಲ ಅಂತ ಹುಡುಕ್ಕೊಂಡು ಒಳಗೆ ಬಂದೆ. ಬಂದ ಬಾಗಿಲೇ ಕಾಣ್ತಿಲ್ಲ."

ಕಾಶಿಗೆ ಹೋದವರ ಸಂಖ್ಯೆ ಮೂರಕ್ಕೇರಿತು. ಭಾವ ಕ್ರಮ ತಪ್ಪದ ಮನುಷ್ಯರು. ಸಿಕ್ಕ ಅವಕಾಶ ಬಿಡಬಾರದೆಂದು ಬೇಲಿಯಾಚೆಯಿಂದಲೇ ಶಾಸ್ತ್ರ ಪೂರೈಸಿದರು. "ಕಾಶಿಗೆ ಹೋಗೋದು ಬೇಡ. ನನ್ನ ಮಗಳನ್ನ ಕೊಡ್ತೀನಿ, ದಯವಿಟ್ಟು ವಾಪಸ್ ಬನ್ನಿ."

"ಬರಕ್ಕೆ ನಾನು ರೆಡಿ ಮಾವ. ಅದೊಂದೇ ಆಗ್ತಿಲ್ಲ."

ಅತ್ತ ಹೊರಗೆ ಗದ್ದಲವೆದ್ದಿತ್ತು. ದನಿಗಳು ಬೇಲಿ ದಾಟಿ ಬರುತ್ತಿದ್ದವು, ಮನುಷ್ಯರು ಮಾತ್ರ ಬರುತ್ತಿರಲಿಲ್ಲ. ಅಕ್ಕ ಯಾರನ್ನೋ ತಡೆಯುತ್ತಿದ್ದಳು. "ಇನ್ನು ಯಾರೂ ಒಳಗೆ ಹೋಗ್ಬೇಡಿ. ಹೋದೋರು ಹೋಗ್ತಾನೇ ಇದ್ದಾರೆ, ಬಂದೋರು ಒಬ್ಬರೂ ಇಲ್ಲ." ಮೇನರ್‌ನ ಮ್ಯಾನೇಜರ್ ಹೆಂಗಸನ್ನು (ಏಪ್ರಿಲ್‌ನ ಮುತ್ತಿನ ಸರದವರಲ್ಲ, ಬೇರೆಯವರು) ಕರೆಸಿದರೆ, ತಾನು ಇಲ್ಲಿಗೆ ಬಂದಾಗಿನಿಂದ ಆಫೀಸಿನಲ್ಲೇ ಇದ್ದು ಒಮ್ಮೆಯೂ ಇದರೊಳಗೆ ಕಾಲಿಟ್ಟಿಲ್ಲವೆಂದೂ, ದಾರಿ ಗೊತ್ತಿದ್ದ ತೋಟದವನು ಶನಿವಾರ ಬರುವುದಿಲ್ಲವೆಂದೂ, ನಕ್ಷೆಯ ಫಲಕವೊಂದು ಖಂಡಿತ ಇದೆ, ಆದರೆ ಅದು ಚಕ್ರವ್ಯೂಹದ ನಡುಮಧ್ಯದಲ್ಲಿದೆಯೆಂದೂ ತಿಳಿಯಿತು.

"ಶ್ರೀಧರಾ!" ಇದು ಅಕ್ಕ, ನನಗೆ. "ಎಲ್ಲಿದ್ದೀಯಾ, ಕೊಡೆ ಎತ್ತು."

ಕೊಡೆ ಬಿಚ್ಚಿ ಬೇಲಿಯ ಮೇಲೆ ಎತ್ತಿದೆ. ಹೊರಗೆ ಹರ್ಷೋದ್ಗಾರ ಕೇಳಿಸಿತು. ನಾವು ಹೊರಗಿನ ಬೇಲಿಗೆ ಅಂಟಿಕೊಂಡೇ ಇದ್ದೆವಂತೆ. ಅಕ್ಕ, ಭಟ್ಟರು, ನೆಂಟರು ಎಲ್ಲ ಒಂದೇ ಬೇಲಿಯ ಆಚೆ. ಕೈಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಆ ಬೇಲಿ ಎಷ್ಟು ಒತ್ತಾಗಿತ್ತೆಂದರೆ ಕೈ ತೂರಿಸಿದ ಕಾರ್ತಿಕ್‌ಗೆ ಅಂಗೈ ಪರಚಿದ್ದಷ್ಟೇ ಲಾಭ.

"ಕಾರ್ತಿಕ್, ಇದ್ದೀಯೇನೋ?" ಶಾರದಮ್ಮನವರ ದನಿ ನಡುಗುತ್ತಿತ್ತು.

"ಇದ್ದೀನಮ್ಮ. ಎಲ್ಲೂ ಹೋಗಿಲ್ಲ. ಹೋಗಕ್ಕೆ ದಾರಿನೂ ಇಲ್ಲ."

"ನಾನು ಅವತ್ತೇ ಹೇಳ್ದೆ. ಆ ಯಜಮಾನರು ದಾಖಲೆ ಕೇಳಿದ್ರು."

ಆ ಯಜಮಾನರು ಕೊಡೆಯನ್ನು ಸ್ವಲ್ಪ ತಗ್ಗಿಸಿ ಹಿಡಿದು ಅದರ ಮರೆಯಲ್ಲಿ ನಿಂತರು.

"ಒಂಚೂರು ಕೊಂಬೆ ಕತ್ತರಿಸಿದ್ರೆ ಹುಡುಗ ಹೊರಗೆ ಬರ್ತಾನೆ" ಎಂದು ಭಟ್ಟರು ಸಲಹೆ ಕೊಟ್ಟರು. ಯಾರೋ ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದು ತಪ್ಪಾಯಿತು. ಇದು ಐತಿಹಾಸಿಕ ಬೇಲಿ, ಒಂದು ಎಲೆ ಕಿತ್ತರೂ ಮದುವೆಯನ್ನೇ ನಿಲ್ಲಿಸುತ್ತೇನೆ ಎಂದು ಮ್ಯಾನೇಜರ್ ಬೇಲಿಗೆ ಬೆನ್ನು ಕೊಟ್ಟು ನಿಂತರಂತೆ.

ಆಗ ಮಹಡಿಯಲ್ಲಿ ಸುದ್ದಿ ತಿಳಿದ ಮೇಘನಾಳ ದನಿ ಕೇಳಿಸಿತು. ಅವಳು ಕೆಳಗಿಳಿದು ಬಂದಿದ್ದಳು. "ಅಮ್ಮ, ಐ ನೋ ದ ವೇ. ನಾನು ಹೋಗಿ ಕರ್ಕೊಂಡು ಬರ್ತೀನಿ."

"ನೀನು ಹೋಗೋ ಹಾಗಿಲ್ಲ ಕಣೇ" ಎಂದಳು ಅಕ್ಕ. "ಅಂತರಪಟ ಸರಿಯೋ ತನಕ ಒಬ್ಬರ ಮುಖ ಒಬ್ಬರು ನೋಡ್ಬಾರ್ದು."

"ಅಮ್ಮ, ವಿ ಡೇಟೆಡ್ ಫಾರ್ ತ್ರೀ ಇಯರ್ಸ್."

"ಅದು ಬೇರೆ, ಇದು ಬೇರೆ."

ವಧು ಒಳಗೆ ಹೋದರೆ ವರನ ಮುಖ ನೋಡಬೇಕಾಗುತ್ತದೆ. ಹೋಗದಿದ್ದರೆ ವರ ಹೊರಗೆ ಬರುವುದಿಲ್ಲ. ವಧುವನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಕೊಡೆ ಹಿಡಿದು ವರನ ಪಕ್ಕದಲ್ಲಿದ್ದಾನೆ. ಧಾರೆ ಎರೆಯಬೇಕಾದ ತಂದೆ ಎಲ್ಲಿದ್ದಾರೆಂದು ಅವರಿಗೇ ಗೊತ್ತಿಲ್ಲ. ಮುಹೂರ್ತ ಮುಗಿಯುತ್ತ ಬಂದಿದೆ. ಈ ಎಲ್ಲಕ್ಕೂ ಮೂಲ ಕಾರಣನಾದ ನಾನು, ನೆನಪಿನ ಅವಿಶ್ವಾಸಾರ್ಹತೆಯ ಬಗ್ಗೆ ನಾನೇ ಹೇಳುತ್ತಿದ್ದುದು ಎಷ್ಟು ನಿಜ ಎಂದು ಯೋಚಿಸುತ್ತಿದ್ದೆ. ಒಂದು ರೀತಿಯಲ್ಲಿ ನನ್ನ ಸಿದ್ಧಾಂತ ಗೆದ್ದಿತ್ತು.

ಕೊನೆಗೆ ದಾರಿ ಕಂಡದ್ದು ಭಟ್ಟರಿಗೆ. ವಾಚು ನೋಡಿ, ಬೇಲಿ ನೋಡಿ, ಮತ್ತೆ ವಾಚು ನೋಡಿ, ಗಂಟಲು ಸರಿಮಾಡಿಕೊಂಡರು. "ವರ ಆ ಕಡೆ, ವಧು ಈ ಕಡೆ, ಮಧ್ಯೆ ಮರೆ. ಅಂತರಪಟ ಅಂದ್ರೆ ಇಷ್ಟೇ ತಾನೇ? ಬಟ್ಟೇದೇ ಆಗ್ಬೇಕು ಅಂತ ಏನಿಲ್ಲ. ಜೀರಿಗೆ ಬೆಲ್ಲ ಇಲ್ಲೇ ಆಗ್ಲಿ. ಮುಖ ನೋಡಿದ್ಮೇಲೆ ಹುಡುಗಿ ಒಳಗೆ ಹೋಗಿ ಎಲ್ಲರನ್ನೂ ಕರ್ಕೊಂಡು ಬರ್ಲಿ. ಧಾರೆ, ಹೋಮ ಎಲ್ಲ ಮಂಟಪದಲ್ಲಿ."

"ಆದ್ರೆ ಅಂತರಪಟ ಸರಿಯೋದು ಹೇಗೆ?" ಎಂದಳು ವಸುಧಾ. "ಬೇಲಿ ಕೆಳಗಿಳಿಯಲ್ವಲ್ಲ."

ಭಟ್ಟರು ಫೋಟೋಗ್ರಾಫರ್ ತಂದಿದ್ದ ಮಡಿಸುವ ಏಣಿಯ ಕಡೆ ಕೈ ತೋರಿಸಿದರು. "ಬೇಲಿ ಇಳಿಯೋದು ಬೇಡ. ಹುಡುಗಿ ಹತ್ತಲಿ."

ಒಂದು ಪೊಟ್ಟಣ ಬೇಲಿಯ ಮೇಲಿಂದ ಹಾರಿ ಬಂದು ನನ್ನ ಕೊಡೆಗೆ ಬಡಿದು ಕೆಳಗೆ ಬಿತ್ತು. ವರನ ಪಾಲಿನ ಜೀರಿಗೆ ಬೆಲ್ಲ. ಕಾರ್ತಿಕ್ ಪೇಟ ಸರಿಮಾಡಿಕೊಂಡು, ಪಾದುಕೆ ಬದಿಗಿಟ್ಟು, ಬೇಲಿಗೆ ಮುಖ ಮಾಡಿ ನಿಂತ. ನಾನು ಕೊಡೆ ಮಡಚಿಕೊಂಡೆ. ಭಟ್ಟರ ಮಂತ್ರ ಶುರುವಾಯಿತು. ಯಾವುದೋ ಮೂಲೆಯಿಂದ ಭಾವ, "ನಾನೂ ಕೇಳಿಸ್ಕೊಳ್ತಾ ಇದ್ದೀನಿ" ಎಂದು ಕೂಗಿ ಹೇಳಿದರು. ಭಟ್ಟರು "ಗಟ್ಟಿಮೇಳ, ಗಟ್ಟಿಮೇಳ" ಎಂದದ್ದೇ ಸಿಡಿಯ ಡೋಲು ಭೋರೆಂದಿತು.

ಬೇಲಿಯ ಮೇಲೆ ಮೊದಲು ಬಾಸಿಂಗದ ತುದಿ ಕಂಡಿತು. ಆಮೇಲೆ ಹಣೆ, ಕಣ್ಣು, ನಗು. ನಾನು ನೋಡಿದ ಮದುವೆಗಳಲ್ಲೆಲ್ಲ ಪರದೆ ಇಳಿದು ವಧು ಕಾಣಿಸುತ್ತಿದ್ದಳು. ಇಲ್ಲಿ ನಮ್ಮ ಮೇಘನಾ ಹಸಿರು ಬೇಲಿಯ ಮೇಲೆ ಹುಣ್ಣಿಮೆ ಚಂದ್ರನ ಹಾಗೆ ನಿಧಾನಕ್ಕೆ ಮೂಡಿದಳು. ಕಾರ್ತಿಕ್ ಬಾಯಿ ತೆರೆದುಕೊಂಡೇ ನಿಂತುಬಿಟ್ಟ. ಇಂಥ ಹೊತ್ತಿನಲ್ಲಿ ನಾನು ಆ ಜಾಗದಲ್ಲಿ ಇರಬಾರದಿತ್ತು. ಆದರೆ ಹೋಗಲು ನನಗೆ ದಾರಿ ಗೊತ್ತಿರಲಿಲ್ಲ.

ಮೇಘನಾ ಮೇಲಿಂದ ಜೀರಿಗೆ ಬೆಲ್ಲ ಎರಚಿದಳು. ಅರ್ಧ ಕಾರ್ತಿಕ್‌ನ ಪೇಟದ ಮೇಲೆ, ಅರ್ಧ ನನ್ನ ಬೋಳು ತಲೆಯ ಮೇಲೆ ಬಿತ್ತು. ಕಾರ್ತಿಕ್ ಮೇಲಕ್ಕೆ ಎಸೆದ. ಅದು ಅವಳ ಗಲ್ಲದವರೆಗೂ ಏರಲಾರದೆ ಹಿಂದಿರುಗಿ ಪೂರ್ತಿ ನನ್ನ ಮೇಲೆ ಬಿತ್ತು. ಹೊರಗಿನವರು ಎಸೆದ ಅಕ್ಷತೆಯೂ ಬೇಲಿ ದಾಟಿ ಬಂತು. ಆಗಸ್ಟ್ ಬಿಸಿಲಿಗೆ ಬೆಲ್ಲ ಕರಗಿ ಕಿವಿಯ ಹಿಂದೆ ಇಳಿಯತೊಡಗಿತು, ಅಕ್ಷತೆ ಅದಕ್ಕೆ ಅಂಟಿಕೊಂಡಿತು. ಮುಹೂರ್ತ ಮೀರಿರಲಿಲ್ಲ. ಆ ಶುಭ ಮುಹೂರ್ತದ ಫಲ ಹೆಚ್ಚಾಗಿ ನನಗೇ ಸಂದಿತ್ತು.

ಮೇಘನಾ ಏಣಿಯ ಮೇಲಿಂದಲೇ ಒಳಗಿನ ದಾರಿಗಳ ಮೇಲೆ ಕಣ್ಣು ಹಾಯಿಸಿದಳು. "ಮಾಮಾ, ಡೋಂಟ್ ಮೂವ್. ಪ್ಲೀಸ್. ಎಲ್ಲೂ ಹೋಗ್ಬೇಡಿ. ಏನೂ ಮಾಡ್ಬೇಡಿ."

ಸ್ವಲ್ಪ ಹೊತ್ತಿಗೆಲ್ಲ ಗೆಜ್ಜೆಯ ಸದ್ದು ಹತ್ತಿರವಾಯಿತು. ಮದುವೆ ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಮೆಹಂದಿ ಹಚ್ಚಿದ ಬಲಗೈಯನ್ನು ಬೇಲಿಗೆ ಸವರಿಕೊಂಡು, ದಾರಿಯಲ್ಲಿ ಸಿಕ್ಕ ಅಪ್ಪನನ್ನೂ ಹಿಂದೆ ಹಾಕಿಕೊಂಡು ಬಂದಳು. ನನ್ನ ತಲೆ ನೋಡಿ ತುಟಿ ಕಚ್ಚಿಕೊಂಡು, ಕೈ ಹಿಡಿದಳು. "ಬನ್ನಿ ಮಾಮಾ."

"ದಾರಿ ನಂಗೂ ಗೊತ್ತಿತ್ತು ಪುಟ್ಟಿ. ಆ ಬಿಳಿ ಹೂವು ಇದ್ದಿದ್ರೆ..."

"ವಾಟ್ ಬಿಳಿ ಹೂವು? ಮಾಮಾ, ಲಾಸ್ಟ್ ಟೈಮ್‌ನೂ ನಾನೇ ಕರ್ಕೊಂಡು ಬಂದಿದ್ದು."

ನಾನು ನಕ್ಕು ಅವಳ ಹಿಂದೆ ಹೆಜ್ಜೆ ಹಾಕಿದೆ. ಮದುವೆಯ ಹುಡುಗಿಯ ಜೊತೆ ವಾದ ಮಾಡಬಾರದು.

ಹೀಗೆ ನಾವು ಹೊರಗೆ ಬಂದೆವು. ಮುಂದೆ ವಧು, ಅವಳ ಕೈಹಿಡಿದು ಬೆಲ್ಲ ಸುರಿಯುತ್ತಿದ್ದ ನಾನು, ಹಿಂದೆ ಪಾದುಕೆ ಕೈಯಲ್ಲಿ ಹಿಡಿದ ವರ, ಕಟ್ಟಕಡೆಯಲ್ಲಿ ತೆಂಗಿನಕಾಯಿ ಅಪ್ಪಿಕೊಂಡ ಭಾವ. ಶಾರದಮ್ಮನವರು ಮಗನ ಕೈಹಿಡಿದವರು ಧಾರೆ ಮುಗಿಯುವವರೆಗೂ ಬಿಡಲಿಲ್ಲ. ವಧುವನ್ನು ಸೋದರಮಾವ ಮಂಟಪಕ್ಕೆ ಕರೆತರಬೇಕೆಂಬ ಶಾಸ್ತ್ರದ ಬಗ್ಗೆ ಭಟ್ಟರು ಒಂದು ಕ್ಷಣ ಯೋಚಿಸಿ, "ಇಬ್ಬರೂ ಕೈಹಿಡಿದೇ ಬಂದ್ರಲ್ಲ. ಯಾರು ಯಾರನ್ನ ಕರ್ಕೊಂಡು ಬಂದ್ರು ಅಂತ ನಾನು ನೋಡಿಲ್ಲ" ಎಂದರು. ಆ ದಿನ ನನ್ನ ಮೇಲೆ ಕರುಣೆ ತೋರಿಸಿದವರು ಅವರೊಬ್ಬರೇ.

ಗೈದರ್ಸ್‌ಬರ್ಗ್‌ಗೆ ಬಂದ ಮೇಲೆ ವಸುಧಾ ಏಪ್ರಿಲ್‌ನಲ್ಲಿ ಹಿಡಿದಿದ್ದ ವಿಡಿಯೋ ಕ್ಯಾಸೆಟ್ ಹುಡುಕಿ ಟಿವಿಗೆ ಹಚ್ಚಿದಳು. ನಾನು ಕೇಳಿರಲಿಲ್ಲ. ಚಕ್ರವ್ಯೂಹದಲ್ಲಿ ಮುಂದೆ ಹೋಗುತ್ತಿದ್ದವಳು ಮೇಘನಾ, ಬಲಗೈ ಬೇಲಿಯ ಮೇಲೆ. ಅವಳ ಹಿಂದೆ ಭಾವ, ಅಕ್ಕ. ಎಲ್ಲರಿಗಿಂತ ಹಿಂದೆ, ಕ್ಯಾಮೆರಾಗೆ ತೀರ ಹತ್ತಿರದಲ್ಲಿ ಒಂದು ಬೋಳು ತಲೆ, "ನಂಗೊತ್ತು, ನಂಗೊತ್ತು, ಹೀಗೇ" ಎಂದು ಪ್ರತಿ ತಿರುವಿನಲ್ಲೂ ತಿರುಗಿದ ಮೇಲೆ ಹೇಳುತ್ತಿತ್ತು. ಆಚೆ ಬಾಗಿಲಲ್ಲಿ ಭಾವ ತಟ್ಟಿದ್ದು ಮಗಳ ಬೆನ್ನು.

"ಬಿಳಿ ಹೂವು?" ಎಂದೆ, ಕೊನೆಯ ಆಸೆಯಿಂದ.

ವಸುಧಾ ಕ್ಯಾಸೆಟ್ಟನ್ನು ಇನ್ನಷ್ಟು ಓಡಿಸಿದಳು. ಬಿಳಿ ಹೂವು ಇತ್ತು. ಸಾಲಾಗಿ, ಬೇಲಿಯ ಮೇಲಿಂದ ಇಣುಕುತ್ತ, ನನ್ನ ನೆನಪಿನಲ್ಲಿದ್ದ ಹಾಗೆಯೇ ಇತ್ತು. ಪಾರ್ಕಿಂಗ್ ಲಾಟ್‌ನಲ್ಲಿ.

ಇದಾಗಿ ಎರಡು ವರ್ಷವಾಯಿತು. ಶಾರದಮ್ಮನವರು ಮೈಸೂರಿನಿಂದ ಆಗಾಗ ಅಕ್ಕನಿಗೆ ಫೋನ್ ಮಾಡುತ್ತಾರಂತೆ. ಮಗ, ಸೊಸೆಯ ಯೋಗಕ್ಷೇಮ ವಿಚಾರಿಸಿ, ಅಲ್ಲಿ ಸೆಖೆಯೋ ಚಳಿಯೋ ಕೇಳಿ, ಇಡುವ ಮೊದಲು ತಪ್ಪದೆ ಒಂದು ಮಾತು ಸೇರಿಸುತ್ತಾರಂತೆ:

"ನಿಮ್ಮ ತಮ್ಮ ಮನೆ ಸೇರಿದ್ರಾ?"